ಕಬ್ಬಿನ ಬಿಲ್ ಬಾರದವರಿಗೆ ಆ್ಯಪ್ ಏನು ಹೇಳುತ್ತದೆ?

ಮನಸ್ಸಿನ ಆರೋಗ್ಯಕ್ಕೆ ಆ್ಯಪ್ ಹಾಕಿಕೊಳ್ಳಿ ಅನ್ನುವ ಜಾಹೀರಾತು ಈಗ ನಮ್ಮ ಬೆಳಗಾವಿ ಜಿಲ್ಲೆಯ ಮೂಡಲಗಿ ಕಡೆಯ ಫೋನುಗಳಿಗೂ ಬರುತ್ತಿದೆ. ಬರಲಿ. ಮನೆಯಲ್ಲಿ ಬಾಯಿ ಬಿಡಲಾಗದ ಒಬ್ಬ ಹುಡುಗಿಗೆ ನಡುರಾತ್ರಿ ಅದರಿಂದ ಸ್ವಲ್ಪ ಸಮಾಧಾನ ಸಿಕ್ಕರೆ ಒಳ್ಳೆಯದೇ. ನನ್ನ ತಕರಾರು ಬೇರೆ. ಊರಿನ ಸಂಕಟವನ್ನೆಲ್ಲ ಒಬ್ಬೊಬ್ಬರ ಫೋನಿಗೆ ತುರುಕಿ, ನಿನ್ನ ಮನಸ್ಸು ನೀನೇ ನೋಡಿಕೋ ಅಂದುಬಿಟ್ಟರೆ ಸರಕಾರವೂ ಪಾರು, ಕಬ್ಬಿನ ದುಡ್ಡು ಬಾಕಿ ಇಟ್ಟ ಸಕ್ಕರೆ ಕಾರ್ಖಾನೆಯೂ ಪಾರು.

ನಮ್ಮ ಕಾಕಾನ ಫೋನಿಗೆ ಅವರ ಮಗ ಇಂಥದ್ದೊಂದು ಆ್ಯಪ್ ಹಾಕಿಕೊಟ್ಟಿದ್ದ. ಕಾಕಾಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ಪರದೆ ಮೇಲೆ ಸಾಲಾಗಿ ಐದು ಮುಖ, ನಗುವುದರಿಂದ ಹಿಡಿದು ಅಳುವುದರ ತನಕ. ಅಳುವ ಮುಖ ಒತ್ತಿದರೆ, ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸಿ ಬಿಡಿ ಅಂತ ಇಂಗ್ಲಿಷಿನಲ್ಲಿ ಹೇಳುತ್ತದೆ. ಮಗ ಕನ್ನಡದಲ್ಲಿ ತಿಳಿಸಿ ಹೇಳಿದ. ಕಾಕಾ ಅಂದರು, "ಉಸಿರು ಬಿಡತೇನೋ ತಮ್ಮಾ, ಬಿಲ್ ಯಾವಾಗ ಬಿಡತಾರ ಕೇಳ ಅದಕ್ಕ."

ಕಾಕಾ ಕಾರ್ಖಾನೆಗೆ ಕಬ್ಬು ಕಳಿಸಿ ತಿಂಗಳುಗಳೇ ಆಗಿದ್ದವು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಬಡ್ಡಿ ಹಾಳಾಗಲಿ, ಅಸಲೇ ಬಂದಿರಲಿಲ್ಲ. ಸೊಸೈಟಿ ಸಾಲ, ಗೊಬ್ಬರದ ಅಂಗಡಿಯಲ್ಲಿ ಉದ್ರಿ, ವಾರವಾರ ಬಾಗಿಲಿಗೆ ಬರುವ ಫೈನಾನ್ಸಿನವರು. ನಿದ್ದೆ ಎಲ್ಲಿಂದ ಬರಬೇಕು? ಇದನ್ನು ಹೇಳಿಕೊಳ್ಳಲು ಆ ಐದು ಮುಖಗಳಲ್ಲಿ ಜಾಗವೇ ಇಲ್ಲ.

2022ರಲ್ಲಿ ದೇಶದಲ್ಲಿ ಕೃಷಿ ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ವರದಿ ಹೇಳುತ್ತದೆ. ಮಹಾರಾಷ್ಟ್ರದ ನಂತರ ನಮ್ಮದೇ ರಾಜ್ಯ. ಇಷ್ಟೂ ಜನಕ್ಕೆ ಉಸಿರಾಡಲು ಬರುತ್ತಿರಲಿಲ್ಲ ಅಂತೀರಾ?

2025ರ ನವೆಂಬರ್‌ನಲ್ಲಿ ಇಲ್ಲೇ ಮೂಡಲಗಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ಕೊನೆಗೆ 3,300 ಅಂತ ತೀರ್ಮಾನವಾಯಿತು. ಕೇಳಿದ್ದು ಪೂರ್ತಿ ಸಿಗಲಿಲ್ಲ, ನಿಜ. ಆದರೆ ಅಲ್ಲಿ ಕುಳಿತವರಿಗೆ ಈ ಸಂಕಟ ತಮ್ಮೊಬ್ಬರದ್ದಲ್ಲ ಅಂತ ಕಣ್ಣಾರೆ ಕಂಡಿತು. ಆ್ಯಪ್ ಮಾಡುವುದು ಇದರ ಉಲ್ಟಾ. ಪಕ್ಕದ ಮನೆಯವನೂ ಅದೇ ಅಳುವ ಮುಖ ಒತ್ತುತ್ತಿದ್ದಾನೆ ಅಂತ ಅದು ಹೇಳುವುದಿಲ್ಲ.

ಇನ್ನು ನಾವು ಹೇಳಿಕೊಂಡ ದುಃಖ ಎಲ್ಲಿಗೆ ಹೋಗುತ್ತದೆ? ಫೋನಿನಲ್ಲೇ ಮನಸ್ಸಿನ ಸಮಾಲೋಚನೆ ಕೊಡುವ ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಕಂಪನಿ ಜನರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಿಗೆ ಕೊಟ್ಟಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪ ಹೊರಿಸಿತು. ಕಂಪನಿ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಸಾಲದಲ್ಲಿ ಮುಳುಗಿದವರ ಚಿಂತೆ ಸಾಲ ಕೊಡುವ ಆ್ಯಪ್‌ನವರ ಕೈಗೆ ಸಿಕ್ಕರೆ ಏನಾದೀತು, ಯೋಚನೆ ಮಾಡಿ.

ಫೋನಿನಿಂದ ಉಪಯೋಗವೇ ಇಲ್ಲ ಅನ್ನುತ್ತಿಲ್ಲ. ಮನಸ್ಸಿನ ಆರೋಗ್ಯಕ್ಕೆ ಸರಕಾರದ್ದೇ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಮನುಷ್ಯರೇ ಮಾತಾಡುತ್ತಾರೆ, ಕನ್ನಡದಲ್ಲಿ, ಪುಕ್ಕಟೆ. ಈ ನಂಬರನ್ನು ದಯವಿಟ್ಟು ಉಳಿಸಿಕೊಳ್ಳಿ, ಮನೆಯವರಿಗೂ ಕೊಡಿ. ಆದರೆ ಡಾಕ್ಟರನ್ನು ನೋಡಿ ಅಂತ ಅವರು ಹೇಳಿದ ಮೇಲೆ ಹತ್ತಿರದಲ್ಲಿ ಡಾಕ್ಟರ್ ಇರಬೇಕಲ್ವಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರಕಾರಿ ಚಿಕಿತ್ಸೆ ಸಿಗುವುದು ನಮ್ಮ ಹಕ್ಕು. ಜಿಲ್ಲೆಯಲ್ಲಿ ಅದು ಇಲ್ಲದಿದ್ದರೆ, ಬೇರೆ ಕಡೆ ತೋರಿಸಿದ ಖರ್ಚನ್ನು ಸರಕಾರವೇ ಕೊಡಬೇಕು.

ಸುವರ್ಣ ವಿಧಾನಸೌಧದಲ್ಲಿ ಮುಂದಿನ ಅಧಿವೇಶನ ನಡೆದಾಗ ನಮ್ಮ ಶಾಸಕರು ಎರಡು ಪ್ರಶ್ನೆ ಕೇಳಲಿ. ಬೆಳಗಾವಿ ಜಿಲ್ಲೆಯ ಯಾವ ಯಾವ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ? 14 ದಿನ ದಾಟಿದ ಕಬ್ಬಿನ ಬಾಕಿಗೆ ಎಷ್ಟು ಕಾರ್ಖಾನೆಗಳು ಬಡ್ಡಿ ಕೊಟ್ಟಿವೆ?