‘ಹಾಗೂ ತೆರೆಮರೆಯಲ್ಲಿ ದುಡಿದ ಎಲ್ಲರಿಗೂ’

ನಿನ್ನೆ ರಾತ್ರಿ ಒಂದು ನಾಟಕ ನೋಡಿಕೊಂಡು ಬಂದೆ. ನಾಟಕ ಚೆನ್ನಾಗಿತ್ತು, ಆದ್ದರಿಂದ ಅದರ ಹೆಸರನ್ನು ಈ ಜಗಳಕ್ಕೆ ಎಳೆದು ತರುವುದಿಲ್ಲ. ನನ್ನ ತಕರಾರು ಇರುವುದು ನಾಟಕ ಮುಗಿದ ಮೇಲಿನ ಏಳೆಂಟು ನಿಮಿಷಗಳ ಬಗ್ಗೆ. ನಿರ್ದೇಶಕರು ಮೈಕು ಹಿಡಿದು ನಟರನ್ನು ಒಬ್ಬೊಬ್ಬರಾಗಿ ಮುಂದಕ್ಕೆ ಕರೆದರು, ಹೆಸರು ಹೇಳಿದರು, ಎರಡೇ ಎರಡು ಮಾತಿದ್ದ ಕಾವಲುಗಾರನ ಪಾತ್ರದ ಹುಡುಗನಿಗೂ ಚಪ್ಪಾಳೆ ಹೊಡೆಸಿದರು (ಅದು ನ್ಯಾಯವೇ, ಆ ಎರಡು ಮಾತನ್ನು ಅವನು ಚೆನ್ನಾಗಿಯೇ ಆಡಿದ). ಎಲ್ಲ ಮುಗಿದು, ಜನ ಕುರ್ಚಿ ಬಿಟ್ಟು ಏಳತೊಡಗಿದ ಹೊತ್ತಿಗೆ, ಅವರಿಗೆ ಏನೋ ನೆನಪಾಗಿ, ‘ಹಾಗೂ ತೆರೆಮರೆಯಲ್ಲಿ ದುಡಿದ ಎಲ್ಲರಿಗೂ’ ಎಂದು ಹೇಳಿ ಮೈಕು ಕೆಳಗಿಟ್ಟರು. ಆ ವಾಕ್ಯಕ್ಕೆ ಒಂದು ಕ್ರಿಯಾಪದವೂ ಇರಲಿಲ್ಲ. ಎಲ್ಲರಿಗೂ ಏನು? ಧನ್ಯವಾದವೋ, ಶುಭರಾತ್ರಿಯೋ, ಅದು ಕುರ್ಚಿಗಳ ಸದ್ದಿನಲ್ಲಿ ಮುಳುಗಿಹೋಯಿತು.

ಆ ‘ಎಲ್ಲರೂ’ ಎಷ್ಟು ಮಂದಿ ಎಂದು ನಾನು ಎಣಿಸಿದ್ದೆ. ಹನ್ನೊಂದು. ವೇದಿಕೆಯ ಮೇಲೆ ಕೈಮುಗಿದು ನಿಂತವರು ಒಂಬತ್ತು.

ಇವನ ಹಳೆಯ ಗೊಣಗಾಟ ಮತ್ತೆ ಶುರುವಾಯಿತು ಎಂದು ನಗುವವರು ನಗಲಿ. ಬಣ್ಣ ಹಚ್ಚುವುದನ್ನು ಬಿಟ್ಟು ರಂಗದ ಪಕ್ಕದ ಮರೆಯಾದ ಸೈಡ್‌ವಿಂಗಿನ ಕತ್ತಲೆಗೆ ಹೋದವನು ನಾನು, ಅಲ್ಲಿಂದ ಹೊರಗೆ ಬಂದ ಮೇಲೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಿನ್ನೆಯೂ ಬೇಕೆಂದೇ ಕೊನೆಯ ಸಾಲಿನಲ್ಲಿ, ಬೆಳಕುಗಳನ್ನು ನಿಯಂತ್ರಿಸುವ ಕನ್ಸೋಲಿನ ಪಕ್ಕದಲ್ಲೇ ಕುಳಿತಿದ್ದೆ. ಅಲ್ಲಿ ಕೂರದೆ ಇದ್ದಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡನೆಯ ಅಂಕದಲ್ಲಿ ಒಂದು ದೃಶ್ಯ. ಮಗನ ಸಾವಿನ ಸುದ್ದಿ ಕೇಳಿದ ಅಪ್ಪ ರಂಗದ ನಡುವಿನ ಕಲ್ಲಿನ ಬಳಿ ಬಂದು ನಿಲ್ಲಬೇಕು, ಸುತ್ತಲೂ ಕತ್ತಲಾಗಬೇಕು, ಅವನ ಮುಖದ ಮೇಲೆ ಮಾತ್ರ ಒಂದು ಬೆಳಕು ಉಳಿಯಬೇಕು. ನಟ ನಿನ್ನೆ ಭಾವದ ಭರದಲ್ಲಿ ಕಲ್ಲಿನಿಂದ ಎರಡು ಹೆಜ್ಜೆ ಎಡಕ್ಕೆ ನಿಂತುಬಿಟ್ಟರು. ಉಳಿದ ಬೆಳಕುಗಳು ಇಳಿದಾಗ ಕಲ್ಲು ಪ್ರಜ್ವಲಿಸುತ್ತಿತ್ತು, ಮನುಷ್ಯ ಕತ್ತಲೆಯಲ್ಲಿದ್ದ. ಕನ್ಸೋಲಿನ ಮುಂದೆ ಕುಳಿತ ಹುಡುಗಿ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಆಕೆ ಗಾಬರಿಯಿಂದ ಇನ್ನೊಂದು ಬೆಳಕನ್ನು ತಟ್ಟನೆ ಏರಿಸಿದ್ದರೆ ತಪ್ಪು ಆಗಿದೆ ಎಂಬುದು ಇಡೀ ಸಭೆಗೆ ಗೊತ್ತಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಬಲಗೈಯಿಂದ ಕಲ್ಲಿನ ಮೇಲಿನ ಬೆಳಕನ್ನು ಇಳಿಸುತ್ತಾ, ಎಡಗೈಯಿಂದ ಪಕ್ಕದ ವಲಯದ ಬೆಳಕನ್ನು ಏರಿಳಿಸುವ ಫೇಡರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲಕ್ಕೆ ತಳ್ಳಿದಳು. ಹತ್ತು ಸೆಕೆಂಡು ಹಿಡಿಯಿತು. ಕತ್ತಲೊಳಗಿಂದ ಆ ತಂದೆಯ ಮುಖ, ದುಃಖವೇ ಮೆಲ್ಲಗೆ ರೂಪ ತಳೆದಂತೆ, ಹೊರಗೆ ಬಂತು. ನನ್ನ ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

ಇಂದು ಬೆಳಿಗ್ಗೆ ಎದ್ದು ಫೋನು ನೋಡಿದರೆ ಮೂರು ಮಂದಿ ಆ ದೃಶ್ಯದ ಬಗ್ಗೆಯೇ ಬರೆದಿದ್ದಾರೆ. ಒಬ್ಬರ ಪ್ರಕಾರ ನಟನ ಸಂಯಮ ಅಸಾಧಾರಣ; ಇನ್ನೊಬ್ಬರಿಗೆ ಅದರಲ್ಲಿ ನಿರ್ದೇಶಕರ ದಾರ್ಶನಿಕ ಧೈರ್ಯ ಕಂಡಿದೆ; ಮೂರನೆಯವರು, ಇವರು ವಿದ್ವಾಂಸರು, ಬೆಳಗುತ್ತಿರುವ ಕಲ್ಲು ಮತ್ತು ಕತ್ತಲೆಯಲ್ಲಿರುವ ಮನುಷ್ಯ ಎಂಬ ರೂಪಕವನ್ನು ಎರಡು ಪ್ಯಾರಾ ವಿಶ್ಲೇಷಿಸಿದ್ದಾರೆ. ಆ ಕಲ್ಲು ಬೆಳಗಿದ್ದು ನಟ ಜಾಗ ತಪ್ಪಿದ್ದಕ್ಕೆ ಸ್ವಾಮಿ, ಎಂದು ಅಲ್ಲಿ ಬರೆಯಲು ಹೋಗಿ, ಅಳಿಸಿ, ಇಲ್ಲಿಗೆ ಬಂದಿದ್ದೇನೆ.

ಈ ಮರೆವಿಗೆ ನಮ್ಮ ಪ್ರಾಚೀನರನ್ನು ಹೊಣೆ ಮಾಡುವಂತಿಲ್ಲ. ಭರತನ ನಾಟ್ಯಶಾಸ್ತ್ರ ನಾಟಕಮಂಡಲಿಯ ಜನರನ್ನು ಲೆಕ್ಕ ಹಾಕುವಾಗ ಸೂತ್ರಧಾರ, ವಿದೂಷಕ, ನಟರ ಜೊತೆಗೇ ಕಿರೀಟ ಮಾಡುವವನು, ಆಭರಣ ಮಾಡುವವನು, ಹಾರ ಕಟ್ಟುವವನು, ವೇಷ ಸಿದ್ಧಪಡಿಸುವವನು, ಚಿತ್ರಕಾರ, ಕೊನೆಗೆ ಬಟ್ಟೆ ಒಗೆದು ಬಣ್ಣ ಹಾಕುವ ರಜಕನನ್ನೂ ಬಿಡದೆ ಹೆಸರಿಸುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಬಟ್ಟೆ ಒಗೆಯುವವನಿಗೆ ಸಿಕ್ಕಿದ ಜಾಗ ನಿನ್ನೆ ಧ್ವನಿ ನಿರ್ವಹಿಸಿದವನಿಗೆ ಸಿಗಲಿಲ್ಲ.

ಇದು ಯಾವುದೋ ಒಂದು ತಂಡದ ಮರೆವೂ ಅಲ್ಲ. ಜಗತ್ತಿನ ಅತಿ ಶ್ರೀಮಂತ ರಂಗಭೂಮಿಗಳಲ್ಲೊಂದಾದ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಶುರುವಾದದ್ದು 1947ರಲ್ಲಿ. ಬೆಳಕಿನ ವಿನ್ಯಾಸಕ್ಕೆಂದು ಅಲ್ಲಿ ಪ್ರತ್ಯೇಕ ಪ್ರಶಸ್ತಿ ಬಂದದ್ದು 1970ರಲ್ಲಿ. ಧ್ವನಿ ವಿನ್ಯಾಸದ ಕಥೆ ಇನ್ನೂ ಸೊಗಸು: 2008ರಲ್ಲಿ ಪ್ರಶಸ್ತಿ ಕೊಡಲು ಆರಂಭಿಸಿ, 2014ರಲ್ಲಿ ರದ್ದು ಮಾಡಿ, ಧ್ವನಿ ವಿನ್ಯಾಸಕರೆಲ್ಲ ಬಾಯಿ ಬಡಿದುಕೊಂಡ ಮೇಲೆ 2018ರ ಪ್ರಶಸ್ತಿಗಳ ಹೊತ್ತಿಗೆ ಮರಳಿ ತಂದರು. ಮತ ಹಾಕುವವರಲ್ಲಿ ಅನೇಕರಿಗೆ ಧ್ವನಿಯನ್ನು ಹೇಗೆ ಅಳೆಯಬೇಕೆಂದು ತಿಳಿಯುವುದಿಲ್ಲ ಎಂಬುದು ಆಗ ಕೇಳಿಬಂದ ಕಾರಣಗಳಲ್ಲೊಂದು. ಅಳೆಯುವವನಿಗೆ ತಿಳಿಯದಿದ್ದರೆ ಅಳತೆಗೆ ಸಿಗಬೇಕಾದ್ದನ್ನೇ ತೆಗೆದುಹಾಕುವ ಈ ಉಪಾಯ ನನ್ನ ಗಣಿತ ಪರೀಕ್ಷೆಗಳ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನನ್ನನ್ನು ಕೆರಳಿಸುವುದು ‘ನೆರವು’ ಎಂಬ ಪದ ಕೂಡ. ಕರಪತ್ರಗಳಲ್ಲಿ ನೋಡಿ: ‘ತಾಂತ್ರಿಕ ನೆರವು’. ಯಾರೋ ಮನೆ ಕಟ್ಟುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದವರು ಒಂದು ಕೈ ಕೊಟ್ಟು ಹೋದರೇನೋ ಎಂಬಂತೆ. ರಂಗ ನಿರ್ವಹಣೆ ಮಾಡುವವನು ತಾಲೀಮಿನ ಮೊದಲ ದಿನದಿಂದ ಅಲ್ಲಿರುತ್ತಾನೆ. ಯಾವ ಮಾತಿಗೆ ಯಾರು ಏಳಬೇಕು, ಯಾವ ಉಸಿರಿಗೆ ಬೆಳಕು ಬದಲಾಗಬೇಕು ಎಂಬುದೆಲ್ಲ ಅವನ ಬಳಿಯ ನಾಟಕದ ಪ್ರತಿಯ, ಅಂದರೆ ಪ್ರಾಂಪ್ಟ್ ಪ್ರತಿಯ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಇರುತ್ತದೆ. ಪೆನ್ಸಿಲ್ಲೇ ಏಕೆಂದರೆ ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ. ಮೊದಲ ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ಸಭಾಂಗಣದಲ್ಲಿ ಕುಳಿತ ಒಬ್ಬ ಪ್ರೇಕ್ಷಕರಷ್ಟೇ, ಆ ಮೇಲೆ ನಾಟಕ ನಡೆಯುವುದು ಆ ಪ್ರತಿಯ ಮೇಲೆ. ಹೆಡ್‌ಸೆಟ್‌ನಲ್ಲಿ ಅವನು ‘ಸ್ಟ್ಯಾಂಡ್‌ಬೈ’ ಎಂದಾಗ ನಾಲ್ಕು ಮೂಲೆಗಳಲ್ಲಿ ನಾಲ್ಕು ಕೈಗಳು ಗುಂಡಿಯ ಮೇಲೆ ಸಿದ್ಧವಾಗುತ್ತವೆ, ‘ಗೋ’ ಎಂದಾಗ ಒತ್ತುತ್ತವೆ. ಆ ಒಂದು ಪದವನ್ನು ಪ್ರದರ್ಶನದ ಹೊತ್ತಿನಲ್ಲಿ ಬೇರೆ ಯಾವ ಮಾತಿಗೂ ಬಳಸುವಂತಿಲ್ಲ. ಮೈಮರೆತು ಬಳಸಿದರೆ ಎಲ್ಲೋ ಒಂದು ತೆರೆ ಬೀಳುತ್ತದೆ. ಇಷ್ಟು ಶಿಸ್ತಿನ ಕೆಲಸಕ್ಕೆ ನೆರವು ಎಂದು ಹೆಸರು.

ವಸ್ತ್ರದ ಕೆಲಸ ಮಾಡುವವರನ್ನು ಕೇಳಿ. ಒಮ್ಮೆ ನಮ್ಮ ತಂಡದ ಹಿರಿಯ ಕಲಾವಿದರೊಬ್ಬರಿಗೆ ಮುದುಕನ ನಡಿಗೆಯೇ ಕೂಡಿಬರುತ್ತಿರಲಿಲ್ಲ. ನಿರ್ದೇಶಕರು ಮೂರು ವಾರ ಪಾತ್ರದ ಅಂತರಂಗದ ಬಗ್ಗೆ ಮಾತನಾಡಿದರು. ವಸ್ತ್ರ ನೋಡಿಕೊಳ್ಳುತ್ತಿದ್ದಾಕೆ ನಾಲ್ಕನೆಯ ವಾರ ಒಂದು ಅಳತೆ ದೊಡ್ಡದಾದ, ಅಡಿ ಭಾರವಾದ ಜೋಡು ತಂದು ‘ಇದನ್ನು ಹಾಕಿಕೊಂಡು ನಡೆದು ನೋಡಿ’ ಎಂದಳು. ಜೋಡು ಜಾರದಂತೆ ಕಾಲೆಳೆಯುತ್ತಾ ಅವರು ನಾಲ್ಕು ಹೆಜ್ಜೆ ಹಾಕಿದರು, ಮುದುಕ ಬಂದುಬಿಟ್ಟ. ನಟ, ನಿರ್ದೇಶಕ, ಜೋಡು ಮೂವರೂ ಸೇರಿ ಮಾಡಿದ ಪಾತ್ರ ಅದು. ಪತ್ರಿಕೆಯಲ್ಲಿ ಹೊಗಳಿಕೆ ಬಂದದ್ದು ಇಬ್ಬರಿಗೆ.

ನನಗೆ ಸಿಗುವ ಸಿದ್ಧ ಉತ್ತರ ಗೊತ್ತು: ‘ಕಾಣದೆ ಇರುವುದೇ ಅವರ ಕೆಲಸದ ಹಿರಿಮೆ ಅಲ್ಲವೇ?’ ಜಪಾನಿನ ಸಾಂಪ್ರದಾಯಿಕ ರಂಗಭೂಮಿಯಾದ ಕಬುಕಿಯಲ್ಲಿ ಕಪ್ಪು ಬಟ್ಟೆ ತೊಟ್ಟ ಕುರೋಗೊಗಳು ಪ್ರೇಕ್ಷಕರ ಕಣ್ಣೆದುರೇ ಪರಿಕರ ಕೊಟ್ಟು ತೆಗೆದು ಮಾಡುತ್ತಾರೆ, ಅವರು ಅಲ್ಲಿಲ್ಲ ಎಂದೇ ಪ್ರೇಕ್ಷಕರು ಒಪ್ಪಿಕೊಂಡಿರುತ್ತಾರೆ, ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಒಳ್ಳೆಯದು. ನಾಟಕ ನಡೆಯುವಾಗ ಕಾಣಬಾರದು, ಒಪ್ಪಿದೆ. ನಾಟಕ ಮುಗಿದ ಮೇಲೂ ಕಾಣಬಾರದು ಎಂದು ಯಾವ ಶಾಸ್ತ್ರ ಹೇಳಿದೆ? ಅಲ್ಲದೆ ಈ ಕಾಣದಿರುವ ಸುಖ ಕೆಲಸ ಸರಿಯಾದಾಗ ಮಾತ್ರ. 1903ರ ಡಿಸೆಂಬರಿನಲ್ಲಿ ಶಿಕಾಗೋದ ಇರೊಕ್ವಾ ಥಿಯೇಟರಿನಲ್ಲಿ ರಂಗದ ದೀಪದ ಕಿಡಿಯಿಂದ ಬೆಂಕಿ ಹತ್ತಿ, ಕೆಳಗಿಳಿಯಬೇಕಿದ್ದ ಅಗ್ನಿನಿರೋಧಕ ಪರದೆ ಅರ್ಧದಲ್ಲೇ ಸಿಕ್ಕಿಕೊಂಡು, ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಪರದೆ ಇಳಿದಿದ್ದರೆ ಇಳಿಸಿದವನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿಯೂ ಒಂದು ಸಂಗೀತದ ತುಣುಕು ಎರಡು ಸೆಕೆಂಡು ತಡವಾಗಲಿ, ಇಡೀ ಸಭಾಂಗಣದ ಕತ್ತು ಹಿಂದಕ್ಕೆ ತಿರುಗುತ್ತದೆ. ಅಂಥ ಹೊತ್ತಿನಲ್ಲಿ ಅವರು ಚೆನ್ನಾಗಿಯೇ ಕಾಣುತ್ತಾರೆ.

ಸ್ವಲ್ಪ ಓದಿಕೊಂಡವರ ಉತ್ತರ ಬೇರೆ. ನಟ ಮತ್ತು ಪ್ರೇಕ್ಷಕ ಇದ್ದರೆ ಸಾಕು, ಉಳಿದದ್ದೆಲ್ಲ ಅಲಂಕಾರ ಎಂದು ಪೋಲೆಂಡಿನ ನಿರ್ದೇಶಕ ಗ್ರೊಟೊವ್ಸ್ಕಿಯ ‘ಬಡ ರಂಗಭೂಮಿ’ಯನ್ನು ಮುಂದಿಡುತ್ತಾರೆ. ಅದೇ ಗ್ರೊಟೊವ್ಸ್ಕಿಯ ಜೊತೆ ಯೆಜಿ ಗುರಾವ್ಸ್ಕಿ ಎಂಬ ವಾಸ್ತುಶಿಲ್ಪಿ ದುಡಿಯುತ್ತಿದ್ದರು. ನಟರು ಎಲ್ಲಿ, ಪ್ರೇಕ್ಷಕರು ಎಲ್ಲಿ, ಇಬ್ಬರ ನಡುವೆ ಎಷ್ಟು ದೂರ ಎಂಬುದನ್ನು ಪ್ರತಿ ನಾಟಕಕ್ಕೂ ಹೊಸದಾಗಿ ಯೋಚಿಸುವುದರಲ್ಲಿ ಅವರ ಪಾಲು ದೊಡ್ಡದು. ಬಡತನವನ್ನೂ ಯಾರೋ ವಿನ್ಯಾಸ ಮಾಡಬೇಕಾಯಿತು ಎನ್ನುವುದನ್ನು ಈ ಮಿತ್ರರು ಹೇಳುವುದಿಲ್ಲ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ಹಳಬರಿಗೆ ನೆನಪಿರಬಹುದು, ನಾನು ನಟನಾಗಿ ಮಾಡಿದ ಕೊನೆಯ ನಾಟಕದಲ್ಲಿ ಒಂದು ಪತ್ರ ಓದುವ ದೃಶ್ಯವಿತ್ತು. ಜೇಬಿಗೆ ಕೈ ಹಾಕಿದೆ, ಪತ್ರವಿರಲಿಲ್ಲ. ಗ್ರೀನ್‌ರೂಮಿನ ಕನ್ನಡಿಯ ಮುಂದೆಯೇ ಬಿಟ್ಟು ಬಂದಿದ್ದೆ. ಆ ಜೇಬು ಈ ಜೇಬು ಎಂದು ತಡಕುತ್ತಾ, ಒಳಗೆ ಬೆವರುತ್ತಾ, ಕಿಟಕಿಯ ಕಡೆಗೆ ನಡೆದೆ. ಆಗ ಹಿಂದಿನಿಂದ ಒಂದು ಸಣ್ಣ ಸದ್ದು. ತಿರುಗಿ ನೋಡಿದರೆ ಸೆಟ್ಟಿನ ಮುಚ್ಚಿದ ಬಾಗಿಲಿನ ಅಡಿಯಿಂದ ಲಕೋಟೆಯೊಂದು ಮೆಲ್ಲಗೆ ಒಳಗೆ ಸರಿದು ಬರುತ್ತಿತ್ತು. ಪರಿಕರಗಳ ಹೊಣೆ ಹೊತ್ತಿದ್ದವರು ನನ್ನ ಕೈ ಜೇಬಿಗೆ ಹೋಗಿ ಬರಿದಾಗಿ ಬಂದದ್ದನ್ನು ಸೈಡ್‌ವಿಂಗಿನಿಂದ ಕಂಡು, ಓಡಿ, ಪತ್ರವನ್ನು ಎತ್ತಿಕೊಂಡು, ಹಿಂದಿನಿಂದ ಸುತ್ತಿ ಬಂದು, ಬಾಗಿಲ ಬಳಿ ನೆಲಕ್ಕೆ ಮಲಗಿ ತಳ್ಳಿದ್ದರು. ಆಗಲೇ ಅರವತ್ತು ದಾಟಿದ್ದವರು ಅವರು. ಜೇಬಿನಲ್ಲಿ ಹುಡುಕಿದ ಪತ್ರ ಬಾಗಿಲಿನಿಂದ ಬಂದದ್ದು ಅದ್ಭುತ ಕಲ್ಪನೆ ಎಂದು ಅಂದು ರಾತ್ರಿ ನಾಲ್ಕು ಮಂದಿ ನನ್ನ ಕೈ ಕುಲುಕಿದರು. ‘ಹೌದು, ಕೊನೆಯ ಗಳಿಗೆಯಲ್ಲಿ ಹೊಳೆಯಿತು’ ಎಂದೆ ನಾನು. ಅವರು ಪಕ್ಕದಲ್ಲೇ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದರು, ಕೇಳಿಸಿಕೊಂಡರು, ತಲೆ ಎತ್ತಲಿಲ್ಲ. ಮುಂದಿನ ಪ್ರದರ್ಶನಕ್ಕೆ ಮುಂಚೆ ಪತ್ರವನ್ನು ನನ್ನ ಜೇಬಿನಲ್ಲಿ ತಾವೇ ಇಟ್ಟು, ಮೇಲಿನಿಂದ ಒಮ್ಮೆ ತಟ್ಟಿ ಹೋದರು. ಅವರು ಈಗ ಇಲ್ಲ. ನಾನು ವೇದಿಕೆ ಬಿಟ್ಟದ್ದಕ್ಕೆ ಜನಕ್ಕೆ ಬೇರೆ ಕಾರಣಗಳನ್ನು ಹೇಳಿಕೊಂಡು ಬಂದಿದ್ದೇನೆ.

ನಿನ್ನೆ ಸಭಾಂಗಣ ಖಾಲಿಯಾದ ಮೇಲೆ ಆ ಹುಡುಗಿಯ ಬಳಿ ಹೋಗಿ, ಅಪ್ಪನ ದೃಶ್ಯದಲ್ಲಿ ನೀವು ಮಾಡಿದ್ದನ್ನು ನೋಡಿದೆ ಎಂದೆ. ಅವಳಿಗೆ ಸಂತೋಷವಾಗುವ ಬದಲು ಗಾಬರಿಯಾಯಿತು. ‘ಗೊತ್ತಾಯಿತಾ ಸರ್?’ ಎಂದಳು. ಪಕ್ಕದಲ್ಲಿ ಕುಳಿತಿದ್ದರಿಂದ ಗೊತ್ತಾಯಿತು, ಬೇರೆ ಯಾರಿಗೂ ಆಗಿರಲಾರದು ಎಂದ ಮೇಲೆ ಸಮಾಧಾನಪಟ್ಟುಕೊಂಡಳು. ಬೆಳಕು ಯಾವಾಗ ಬದಲಾಗಬೇಕೆಂದು ಬರೆದಿಟ್ಟ ಅವಳ ಕ್ಯೂ ಶೀಟಿನಲ್ಲಿ ಆ ದೃಶ್ಯದ ಎದುರಿಗೆ ಪೆನ್ಸಿಲಿನಲ್ಲಿ ಆಗಲೇ ಬರೆದಿತ್ತು: ‘ಎರಡು ಹೆಜ್ಜೆ ಎಡಕ್ಕೆ ಬರಬಹುದು. ಪಕ್ಕದ್ದನ್ನು ಸಿದ್ಧವಾಗಿಡುವುದು.’ ನಿಮ್ಮ ಹೆಸರೇನು ಎಂದು ಕೇಳಿದೆ, ಹೇಳಿದಳು, ಮತ್ತೆ ಬಗ್ಗಿ, ‘ಸರ್, ಸ್ವಲ್ಪ ಕಾಲು ತೆಗೀತೀರಾ, ಕೇಬಲ್ ಸುತ್ತಬೇಕು’ ಎಂದಳು.