ಏರಿ ಒಡೆದರೆ ಏಡಿಯನ್ನು ಹಿಡಿಯಿರಿ

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈನಲ್ಲಿ ಒಡೆದು ಜನ ಕೊಚ್ಚಿಹೋದಾಗ, ಏಡಿಗಳಿಂದಲೇ ಸೋರಿಕೆಯಾಯಿತು ಎಂದು ಜಲಸಂರಕ್ಷಣಾ ಸಚಿವರು ಅವುಗಳತ್ತ ಬೆರಳು ಮಾಡಿದರು. ವಿರೋಧ ಪಕ್ಷದವರು ಏಡಿಗಳನ್ನು ಪೊಲೀಸ್ ಠಾಣೆಗೇ ಒಯ್ದು, ಒಳಗೆ ಹಾಕಿ ಎಂದರು. ಊರಿಗೆ ನೀರು ಕೊಡುವ ಹಳೇ ಮಣ್ಣಿನ ಏರಿಗಳನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಇನ್ನೇನಿದೆ? ಏಡಿ ಬಿಲ್ಲಿಗೆ ಸಹಿ ಹಾಕಿರುವುದಿಲ್ಲ, ಪತ್ರಿಕಾಗೋಷ್ಠಿ ಕರೆದು ಸ್ಪಷ್ಟನೆ ಕೊಡುವುದಂತೂ ಇಲ್ಲವೇ ಇಲ್ಲ.

ತಪಾಸಣೆಯೆಂದರೆ ಜೀಪು ಏರಿಯ ಮೇಲೆ ನಿಲ್ಲಬೇಕು, ಫೋಟೊ ಬೀಳಬೇಕು. ಹಿಂಬದಿಯ ಬುಡಕ್ಕೆ ಇಳಿದರೆ ಬೂಟು ಕೆಸರಾಗುತ್ತದೆ. (ನೋಡಬೇಕಾದದ್ದು ಆ ಕೆಸರನ್ನೇ.) ಮಣ್ಣಿನ ಏರಿ ಒಸರುವುದು ಸಹಜ. ತಿಳಿನೀರಾದರೆ ಅಳೆದು ಬರೆದಿಡಬೇಕು. ಕದಡಿದ ನೀರಾದರೆ ಏರಿಯೇ ಒಳಗಿಂದ ಹೊರಟಿದೆ. ನೀರು ಬಿಡುವ ಹಳೇ ತೂಬಿನ ಕೊಳವೆಯ ಹೊರಮೈಗುಂಟ ಇದು ಹೆಚ್ಚು, ಅಲ್ಲಿ ಮಣ್ಣನ್ನು ಬಡಿದು ಗಟ್ಟಿ ಕೂರಿಸುವುದು ಕಟ್ಟುವಾಗಲೇ ಕಷ್ಟ.

ಇದಕ್ಕೆ ಸರ್ವಸಮ್ಮತ ಪರಿಹಾರ ಸಿಮೆಂಟ್. ಒಸರುವ ಬಾಯಿಗೆ ಮೆತ್ತಿ, ನಯವಾಗಿ ಕರಣೆ ಎಳೆದರೆ 'ಸೋರಿಕೆ ಬಂದ್'. ನೀರು ಒಳಗೇ ಒತ್ತಡ ಕಟ್ಟಿಕೊಂಡು ಇನ್ನೊಂದು ಬಾಯಿ ತೆರೆಯುತ್ತದೆ. ಅದಕ್ಕೆ ಇನ್ನೊಂದು ಬಿಲ್ಲು. ಸಿಮೆಂಟಿನ ಬದಲು ಒಸರುವ ಜಾಗಕ್ಕೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಸಿದರೆ ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಆದರೆ ನೀರು ಹೋಗುತ್ತಲೇ ಇರುವ ಕಾಮಗಾರಿಯನ್ನು ಉದ್ಘಾಟಿಸುವುದು ಹೇಗೆ?

ಒಸರು ಅಳೆಯಲು ವಿ-ನಾಚ್ ಇದೆ, ಅಂದರೆ ಲಂಬಕೋನದ ಕಚ್ಚು ಇರುವ ತಗಡು. ಕಚ್ಚಿನ ಮೂಲೆಯಿಂದ ನೀರು 5 ಸೆಂ.ಮೀ. ಎತ್ತರವಿದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್ ಚಿಲ್ಲರೆ. 10 ಸೆಂ.ಮೀ. ಆದರೆ 4 ಲೀಟರ್ ದಾಟುತ್ತದೆ, ಅಂದರೆ ಐದೂವರೆ ಪಟ್ಟಿಗೂ ಹೆಚ್ಚು. ಕಡತದಲ್ಲಿ ಮಾತ್ರ 'ಕೇವಲ 5 ಸೆಂ.ಮೀ. ಏರಿಕೆ, ಆತಂಕ ಬೇಡ'.

ಕೋಡಿಯದು ಇನ್ನೊಂದು ಕತೆ. ಬೇಸಿಗೆಗೆ ನೀರು ಸಾಲದು ಎಂದು ಕೋಡಿಗೆ ಎರಡಡಿ ಮರಳು ಚೀಲ ಪೇರಿಸುತ್ತಾರೆ. ಹೆಚ್ಚಿದ ಆ ಎರಡಡಿ ನೀರು, ನೆರೆ ಬಂದಾಗ ಏರಿಯ ನೆತ್ತಿ ಉಳಿಯಲೆಂದು ಬಿಟ್ಟಿದ್ದ ಜಾಗ. ಅಮೆರಿಕದ ಸೌತ್ ಫೋರ್ಕ್ ಮಣ್ಣಿನ ಅಣೆಕಟ್ಟಿನಲ್ಲಿ ಶ್ರೀಮಂತರ ಕ್ಲಬ್ಬು ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿತು, ಗಾಡಿ ಓಡಾಡಲೆಂದು ನೆತ್ತಿ ತಗ್ಗಿಸಿತು. ತಳದ ಕೊಳವೆಗಳನ್ನು ಹಿಂದಿನವರೇ ಕಿತ್ತಿದ್ದರು, ಮತ್ತೆ ಹಾಕಿಸಲಿಲ್ಲ. 1889ರ ಮೇ 31ರ ಮಳೆಗೆ ಜಾಲರಿಗೆ ಕಸ ಕಟ್ಟಿತು, ನೀರು ನೆತ್ತಿ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಕಣಿವೆಯಲ್ಲಿ ಸತ್ತವರು 2,209.

ಕೊನೆಗೆ ಯಾರಿಗೋ ದಿಗಿಲಾಗಿ, ರಾತ್ರೋರಾತ್ರಿ ತೂಬುಗಳೆಲ್ಲ ಪೂರಾ ತೆರೆಯುತ್ತವೆ. ಆಸರೆಗಿದ್ದ ನೀರು ಸರ್ರನೆ ಇಳಿದರೂ ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯದು. ಏರಿಯ ಒಳಮೈ ಕಲ್ಲುಹಾಸಿನ ಸಮೇತ ಕುಸಿಯುತ್ತದೆ. ಬೆಳಗಿನ ಪ್ರಕಟಣೆ: 'ನೀರಿನ ಮಟ್ಟ ಸಂಪೂರ್ಣ ನಿಯಂತ್ರಣದಲ್ಲಿದೆ.'