ಕರ್ನಲ್ಲಿನ ಪಹಣಿ, ನಾನು ಬರೆದ ಸುಳ್ಳು ಗುಂಟೆ

ಹೋದ ವರ್ಷ ಮೆಕ್ಕೆಜೋಳದ ಸೀಸನ್. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಇಲ್ಲೇ ದಾವಣಗೆರೆಯ ಒಬ್ಬ ಧಾನ್ಯ ವ್ಯಾಪಾರಿಯ ಆಫೀಸಿನ ಗುಮಾಸ್ತರು. "ಸರ್, ಬಿಲ್ ಸೇವ್ ಆಗ್ತಿಲ್ಲ. ಮೊದಲು ಒಂದು ನಿಮಿಷ ಸುಮ್ನೆ ಸುತ್ತಿ ಎರರ್ ಬಂತು. ಈಗ ಒತ್ತಿದ ಕೂಡ್ಲೇ ಎರರ್. ಹೊರಗೆ ಲಾರಿ ನಿಂತಾವೆ."

ಆ 'ಒಂದು ನಿಮಿಷ' ಕೇಳಿದ್ದೇ ತಡ, ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಲಿನಕ್ಸ್‌ನಲ್ಲಿ ಥಿನ್ ಪೂಲ್ ಅಂತ ಒಂದಿದೆ, ಇರುವುದಕ್ಕಿಂತ ಹೆಚ್ಚು ಡಿಸ್ಕ್ ಜಾಗವನ್ನು ಕಾಗದದಲ್ಲಿ ಹಂಚಿಕೊಡುವ ವ್ಯವಸ್ಥೆ. ಅದು ತುಂಬಿಹೋದರೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಡಿಸ್ಕಿಗೆ ಬರುವ ಬರವಣಿಗೆಯನ್ನು 60 ಸೆಕೆಂಡ್ ತಡೆದು ಇಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಯಾರಾದರೂ ಜಾಗ ಕೊಟ್ಟರೆ ಸರಿ. ಇಲ್ಲದಿದ್ದರೆ ಎರರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆ ಪೂಲ್ ಕಟ್ಟಿದವನು ನಾನೇ.

ಬೈಕಿನಲ್ಲಿ ಹೋಗುವಾಗ ಹಿಂದೆ ಕೂತಿದ್ದ ನಮ್ಮ ಹುಡುಗ ಒಂದು ಮಾತು ಹೇಳಿದ. "ಅಣ್ಣ, ಇದು ಕರ್ನಲ್‌ದೇ ತಪ್ಪು. ಇಲ್ಲದ ಜಾಗ ಕೊಡ್ತೀನಿ ಅಂದಾಗ ಅದು ಬೇಡ ಅನ್ನಬೇಕಿತ್ತಲ್ವಾ?" ಅವತ್ತು ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಕರ್ನಲ್ ಬೇಡ ಅನ್ನದೇ ಇದ್ದದ್ದೇ ಸರಿ.

ಥಿನ್ ಪೂಲ್ ನಿಂತಿರುವುದು ಕರ್ನಲ್ಲಿನ ಡಿವೈಸ್ ಮ್ಯಾಪರ್ ಅನ್ನುವ ಭಾಗದ ಮೇಲೆ. ಅದು ಏನು ಅಂತ ಗೊತ್ತಿಲ್ಲದವರಿಗೆ ಪಹಣಿಯಿಂದ ಶುರು ಮಾಡುವುದೇ ಸುಲಭ. ಹೊಲ ಹೊಲವಾಗಿಯೇ ಬಿದ್ದಿರುತ್ತದೆ. ಪೋಡಿ ಮಾಡಿಸಿದರೆ ಮಣ್ಣು ಒಂದು ಹಿಡಿಯೂ ಜಾಗ ಬಿಟ್ಟು ಕದಲುವುದಿಲ್ಲ. ಬದಲಾಗುವುದು ಕಾಗದ ಮಾತ್ರ. ಇಷ್ಟರಿಂದ ಇಷ್ಟರವರೆಗೆ ಅಣ್ಣನದು, ಅಲ್ಲಿಂದ ಮುಂದೆ ತಮ್ಮನದು. ಡಿವೈಸ್ ಮ್ಯಾಪರ್ ಮಾಡುವುದೂ ಅಷ್ಟೇ. ನಿಜವಾದ ಡಿಸ್ಕ್ ಕೆಳಗೆ ಇರುತ್ತದೆ. ಮೇಲೆ ಒಂದು ಹುಸಿ ಡಿಸ್ಕ್ ಕಾಣಿಸುತ್ತದೆ. ನಡುವೆ ಒಂದು ಟೇಬಲ್.

ಆ ಟೇಬಲ್ಲಿನ ಒಂದು ಸಾಲು ನೋಡಿ: 0 2097152 ಲೀನಿಯರ್ /ಡೆವ್/ಎಸ್‌ಡಿಬಿ 0. ಅಷ್ಟೇ. ಹುಸಿ ಡಿಸ್ಕಿನ ಸೊನ್ನೆಯಿಂದ 2097152 ಸೆಕ್ಟರ್‌ಗಳು ಆ ನಿಜವಾದ ಡಿಸ್ಕಿನ ಸೊನ್ನೆಯಿಂದ ಶುರುವಾಗುತ್ತವೆ ಅಂತ ಅರ್ಥ. ಒಂದು ಸೆಕ್ಟರ್ ಅಂದರೆ 512 ಬೈಟ್. ಗುಣಿಸಿದರೆ ಸರಿಯಾಗಿ 1 ಜಿಬಿ. 'ಲೀನಿಯರ್' ಇರುವ ಜಾಗದಲ್ಲಿ 'ಕ್ರಿಪ್ಟ್' ಅಂತ ಬರೆದು ಕೀಲಿ ಕೊಟ್ಟರೆ ಅದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿ ನಿಲ್ಲುತ್ತದೆ. 'ಝೀರೋ' ಅಂತ ಬರೆದರೆ ಓದಿದ್ದೆಲ್ಲ ಸೊನ್ನೆ, ಬರೆದದ್ದೆಲ್ಲ ಗಾಳಿಗೆ. ನನಗೆ ಬಹಳ ಇಷ್ಟವಾದದ್ದು 'ಫ್ಲೇಕಿ'. ಇಷ್ಟು ಸೆಕೆಂಡ್ ಕೆಲಸ ಮಾಡು, ಇಷ್ಟು ಸೆಕೆಂಡ್ ಕೈ ಕೊಡು ಅಂತ ಹೇಳಿದರೆ ಹಾಗೇ ಮಾಡುತ್ತದೆ. ಡಿಸ್ಕ್ ಕೆಟ್ಟರೆ ಸಾಫ್ಟ್‌ವೇರ್ ಏನು ಮಾಡುತ್ತದೆ ಅಂತ ಪರೀಕ್ಷೆ ಮಾಡಲಿಕ್ಕೆ ಇರುವುದು ಅದು. ಬೇಸಿಗೆಯಲ್ಲಿ ನಮ್ಮ ಏರಿಯಾದ ಕರೆಂಟ್ ನೋಡಿ ಕಲಿತದ್ದೇನೋ!

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಡಿಸ್ಕಿನ ಉದ್ದ ದಾಟಿ ಟೇಬಲ್ ಬರೆದರೆ ಕರ್ನಲ್ ಒಪ್ಪುವುದಿಲ್ಲ. ಆದರೆ ಒಂದೇ ಜಾಗವನ್ನು ಎರಡು ಹುಸಿ ಡಿಸ್ಕಿಗೆ ಬರೆದು ಕೊಡಿ, ತುಟಿ ಬಿಚ್ಚುವುದಿಲ್ಲ. ಒಂದೇ ಗುಂಟೆ ಇಬ್ಬರ ಹೆಸರಿಗೆ! ಪಹಣಿಯಲ್ಲಿ ಹೀಗಾದರೆ ಎರಡು ತಲೆಮಾರು ಕೋರ್ಟು ಅಲೆಯಬೇಕು. ಇಲ್ಲಿ ಮಾತ್ರ ಅದನ್ನು ತಪ್ಪು ಅನ್ನಲಿಕ್ಕೆ ಬರುವುದಿಲ್ಲ. ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವಾಗ ನನಗೆ ಎಷ್ಟೋ ಸಲ ಅದೇ ಬೇಕಾಗಿದೆ. ಯಾರ ಜಾಗ ಯಾರದು ಅನ್ನುವ ಲೆಕ್ಕ ಇಡುವುದು ಮೇಲೆ ಕೂತಿರುವ ಎಲ್‌ವಿಎಂ, ಅಂದರೆ ಡಿಸ್ಕ್ ಜಾಗ ಹಂಚುವ ಸಾಫ್ಟ್‌ವೇರ್, ಅದರ ಕೆಲಸ. ಕರ್ನಲ್ ಬರೀ ಟೇಬಲ್ ಹಿಡಿದುಕೊಂಡು ಕೂರುತ್ತದೆ.

ಇದು ಸುಮ್ನೆ ಆದದ್ದಲ್ಲ. 1998ರಲ್ಲಿ ಹೈಂಝ್ ಮೌಯೆಲ್ಸ್‌ಹಾಗೆನ್ ಬರೆದ ಮೊದಲ ಎಲ್‌ವಿಎಂನಲ್ಲಿ ಲೆಕ್ಕದ ಬಹುಪಾಲು ಕರ್ನಲ್ ಒಳಗೇ ಇತ್ತು. ಆಮೇಲೆ ಸಿಸ್ಟೀನಾ ಕಂಪನಿಯ ಜೋ ಥಾರ್ನ್‌ಬರ್ ಅದನ್ನು ಒಡೆದು, ಕರ್ನಲ್ಲಿಗೆ ಟೇಬಲ್ ಮಾತ್ರ ಬಿಟ್ಟು, ಬುದ್ಧಿಯನ್ನೆಲ್ಲ ಹೊರಗೆ ತಂದರು. ಅದೇ ಡಿವೈಸ್ ಮ್ಯಾಪರ್. ಆಗ ಐಬಿಎಂನವರದ್ದೂ ಇದೇ ಕೆಲಸಕ್ಕೆ ಇವಿಎಂಎಸ್ ಅಂತ ಒಂದಿತ್ತು. ಅದು ದೊಡ್ಡದು, ಎಲ್ಲವನ್ನೂ ಮಾಡುತ್ತಿತ್ತು. 2002ರ ಅಕ್ಟೋಬರ್‌ನಲ್ಲಿ ಕರ್ನಲ್ಲಿಗೆ ಸೇರಿದ್ದು ಡಿವೈಸ್ ಮ್ಯಾಪರ್. ಮುಂದಿನ ತಿಂಗಳೇ ಇವಿಎಂಎಸ್ ತಂಡ ತಮ್ಮ ಕರ್ನಲ್ ಭಾಗವನ್ನು ಬದಿಗಿಟ್ಟು, ನಮ್ಮ ಟೂಲುಗಳನ್ನು ಡಿವೈಸ್ ಮ್ಯಾಪರ್ ಮೇಲೆ ಕೂರಿಸುತ್ತೇವೆ ಅಂತ ಒಪ್ಪಿಕೊಂಡಿತು. ವರ್ಷಗಟ್ಟಲೆ ಬರೆದದ್ದನ್ನು ಹಾಗೆ ಬಿಟ್ಟುಕೊಡುವುದು ಎಷ್ಟು ಜನಕ್ಕೆ ಆಗುತ್ತದೆ ಹೇಳಿ? 2003ರ ಡಿಸೆಂಬರ್‌ನಲ್ಲಿ 2.6 ಕರ್ನಲ್ ಜೊತೆಗೆ ಇದು ಎಲ್ಲರ ಕೈಗೂ ಬಂತು.

ಡಿವೈಸ್ ಮ್ಯಾಪರ್ ಜೊತೆ ಮಾತಾಡುವ ದಾರಿಯೂ ಒಂದೇ. /ಡೆವ್/ಮ್ಯಾಪರ್/ಕಂಟ್ರೋಲ್ ಅನ್ನುವ ಫೈಲ್ ತೆರೆದು ಐಯೋಕ್ಟಲ್, ಅಂದರೆ ಕರ್ನಲ್ಲಿಗೆ ಆಜ್ಞೆ ಕಳಿಸುವ ಕರೆ, ಮಾಡಬೇಕು. ಡಿವೈಸ್ ಹುಟ್ಟಿಸು, ತೆಗೆ, ಹೆಸರು ಬದಲಿಸು, ಟೇಬಲ್ ಹಾಕು, ಸ್ಥಿತಿ ಹೇಳು. ಒಟ್ಟು ಹದಿನೈದಿಪ್ಪತ್ತು ಆಜ್ಞೆ ಇರಬಹುದು. ಐಯೋಕ್ಟಲ್ ಅಂದರೆ ಗೋಣಿಚೀಲ ಇದ್ದಂತೆ, ಒಳಗೆ ಏನು ಬೇಕಾದರೂ ತುಂಬಬಹುದು ಅಂತ ಬೈಯುವವರು ಇದ್ದಾರೆ. ನನಗೂ ಅದು ಚೆಂದ ಅನ್ನಿಸುವುದಿಲ್ಲ. ಆದರೆ ಇವರು ಪ್ರತಿ ಚೀಲದ ಬಾಯಲ್ಲೂ ವರ್ಶನ್ ನಂಬರ್ ಹೊಲಿದಿದ್ದಾರೆ. ಮೊದಲ ಅಂಕಿ 4 ಇಲ್ಲದಿದ್ದರೆ ಈಗಿನ ಕರ್ನಲ್ ಚೀಲ ಬಿಚ್ಚುವುದೇ ಇಲ್ಲ. ಉತ್ತರ ದೊಡ್ಡದಾಗಿ ಚೀಲ ಸಾಲದೇ ಹೋದರೆ 'ತುಂಬಿತು' ಅಂತ ಗುರುತು ಹಾಕಿ ವಾಪಸ್ ಕೊಡುತ್ತದೆ. ನೀವು ದೊಡ್ಡ ಚೀಲ ತಗೊಂಡು ಮತ್ತೆ ಹೋಗಬೇಕು. ಹಳೇ ಮಂಡಿ ವ್ಯವಹಾರ.

ನಾನು ನಿಜವಾಗಿ ತಲೆದೂಗುವುದು ಇನ್ನೊಂದಕ್ಕೆ. ಪ್ರತಿ ಡಿವೈಸಿಗೂ ಎರಡು ಟೇಬಲ್ ಇಡಲಿಕ್ಕೆ ಜಾಗ ಇದೆ. ಒಂದು ಚಾಲ್ತಿಯಲ್ಲಿರುವುದು, ಇನ್ನೊಂದು ಕಾಯುತ್ತಿರುವುದು. ಹೊಸ ಟೇಬಲ್ ಹಾಕಿದರೆ ಅದು ಪಕ್ಕದಲ್ಲಿ ಕೂರುತ್ತದೆ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಡಿವೈಸನ್ನು ಸಸ್ಪೆಂಡ್ ಮಾಡಿದರೆ ಹೊಸದಾಗಿ ಬಂದ ಬರವಣಿಗೆ ಸಾಲಿನಲ್ಲಿ ನಿಲ್ಲುತ್ತದೆ. ರೆಸ್ಯೂಮ್ ಅಂದ ಕೂಡಲೇ ಹಳೇ ಟೇಬಲ್ ಹೋಗಿ ಹೊಸದು ಚಾಲ್ತಿಗೆ ಬರುತ್ತದೆ, ಸಾಲು ಮುಂದೆ ಸಾಗುತ್ತದೆ. ಮೇಲಿರುವ ಸಾಫ್ಟ್‌ವೇರ್‌ಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ರೈಲ್ವೆ ಗೇಟ್ ನೆನಪಾಗುತ್ತದೆ. ಬೈಯುತ್ತಾ ನಿಂತಿರುತ್ತೇವೆ, ಗೇಟ್ ಎತ್ತುತ್ತದೆ, ಹೋಗುತ್ತೇವೆ.

ಒಂದು ಸಲ ಒಬ್ಬರ ಸರ್ವರ್‌ನಲ್ಲಿ ಡಿಸ್ಕ್ ಕಟಕಟ ಅನ್ನಲಿಕ್ಕೆ ಶುರುವಾಗಿತ್ತು. ಹೊಸ ಡಿಸ್ಕ್ ಸೇರಿಸಿ, ಡೇಟಾವನ್ನು ಅದಕ್ಕೆ ಸಾಗಿಸುವ ಪಿವಿಮೂವ್ ಆಜ್ಞೆ ಕೊಟ್ಟು ಕೂತೆ. ಒಳಗೆ ನಡೆಯುವುದು ಇದೇ ಆಟ. ಟೇಬಲ್ಲಿಗೆ ಮಿರರ್ ಹಾಕಿ ಎರಡೂ ಡಿಸ್ಕಿನಲ್ಲಿ ಒಂದೇ ನಕಲು ಇಡುವುದು, ಎರಡೂ ಕಡೆ ಒಂದೇ ಆದ ಮೇಲೆ ಹಳೇ ಕಡೆಯನ್ನು ಟೇಬಲ್ಲಿನಿಂದ ಬಿಡಿಸುವುದು. ಮೂರು ಗಂಟೆ ಹಿಡಿಯಿತು. ಪಕ್ಕದ ಮೇಜಿನ ಹೆಣ್ಣುಮಗಳು ಅಷ್ಟೂ ಹೊತ್ತು ಎಂಟ್ರಿ ಮಾಡುತ್ತಲೇ ಇದ್ದರು. "ಯಾವಾಗ ಶುರು ಮಾಡ್ತೀರಿ ಸರ್?" ಅಂದರು. "ಮುಗೀತು ಮೇಡಂ" ಅಂದೆ. ಇಪ್ಪತ್ತು ವರ್ಷದ ಈ ಕೆಲಸದಲ್ಲಿ ನಾನು ಬೀಗಿದ್ದು ಅಂದರೆ ಅದೊಂದೇ ಸಲ.

ಇನ್ನೊಂದು ಸಲ ನಮ್ಮ ಟೆಸ್ಟ್ ಮಷಿನ್‌ನಲ್ಲಿ ರೂಟ್ ಡಿಸ್ಕನ್ನೇ, ಅಂದರೆ ಸಿಸ್ಟಮ್ಮೇ ಕೂತಿರುವ ಡಿಸ್ಕನ್ನೇ, ಸಸ್ಪೆಂಡ್ ಮಾಡಿಬಿಟ್ಟೆ. ರೆಸ್ಯೂಮ್ ಅಂತ ಟೈಪ್ ಮಾಡಿದೆ, ಅದೂ ಸಾಲಿನಲ್ಲಿ ನಿಂತಿತು. ಸ್ವಿಚ್ ಆರಿಸಿದೆ. ಎಲ್‌ವಿಎಂ ಬರೆದವರಿಗೆ ಈ ಸಂಕಟ ಮೊದಲೇ ಗೊತ್ತು. ಅದಕ್ಕೇ ಸಸ್ಪೆಂಡ್ ಮಾಡುವ ಮೊದಲು ಅದು ತನಗೆ ಬೇಕಾದ್ದನ್ನೆಲ್ಲ ಮೆಮೊರಿಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳುತ್ತದೆ, ನಡುವೆ ಡಿಸ್ಕ್ ಮುಟ್ಟುವ ಗೋಜು ಇರಬಾರದು ಅಂತ.

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಇದೆ. ಫೋನಿನ ಸಿಸ್ಟಮ್ ಭಾಗವನ್ನು ಯಾರೂ ತಿದ್ದಿಲ್ಲ ಅಂತ ಪರೀಕ್ಷೆ ಮಾಡುವ 'ವೆರಿಟಿ' ಕೂಡ ಲೀನಿಯರ್, ಕ್ರಿಪ್ಟ್ ಇದ್ದಂತೆ ಡಿವೈಸ್ ಮ್ಯಾಪರ್ ಟೇಬಲ್ಲಿನಲ್ಲಿ ಬರೆಯುವ ಒಂದು ಬಗೆ. ಗುಂಡಿ ಸರ್ಕಲ್ ಹತ್ತಿರ ಮಂಡಕ್ಕಿ ತಿನ್ನುತ್ತಾ ರೀಲ್ಸ್ ನೋಡುವವನ ಕೈಯಲ್ಲೂ ಒಂದು ಟೇಬಲ್ ಇದೆ ಅಂತ ಆಯಿತು.

ಸರಿ, ಥಿನ್ ಪೂಲ್. 2012ರ ಜನವರಿಯಲ್ಲಿ ಬಂದ 3.2 ಕರ್ನಲ್‌ನಿಂದ ಇದು ಇದೆ. ಹುಸಿ ಡಿಸ್ಕಿಗೆ ಎಷ್ಟು ಬೇಕಾದರೂ ಅಳತೆ ಬರೆಯಬಹುದು. ನಿಜವಾದ ಜಾಗ ಕೊಡುವುದು ಅಲ್ಲಿ ಏನಾದರೂ ಬರೆದಾಗ ಮಾತ್ರ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ಡ್ಯಾಂ ತುಂಬಿದರೆ 186 ಅಡಿ, 71.5 ಟಿಎಂಸಿ. ಅಚ್ಚುಕಟ್ಟು ಅಂತ ಕಾಗದದಲ್ಲಿ ಎಲ್ಲರ ಹೊಲವೂ ಇದೆ. ಮೇಲಿನವರೆಲ್ಲ ಒಟ್ಟಿಗೆ ತೂಬು ತೆಗೆದ ವರ್ಷ ನಾಲೆಯ ಕೊನೆಭಾಗದ ನಮ್ಮ ತಾಲ್ಲೂಕಿಗೆ ಬರುವುದು ಒದ್ದೆ ಮಣ್ಣು. ಹಾಗಂತ ಕೊನೆಯವನ ಹೆಸರು ಅಚ್ಚುಕಟ್ಟಿನಿಂದ ಹೋಗುವುದಿಲ್ಲ.

ಆ ವ್ಯಾಪಾರಿಯ ಸರ್ವರ್‌ನಲ್ಲಿ ಪೂಲ್ ಇದ್ದದ್ದು 900 ಜಿಬಿ. ನಾನು ಬಿಲ್ಲಿಂಗ್‌ಗೆ 200, ಸ್ಕ್ಯಾನ್ ಕಾಪಿಗಳಿಗೆ 400, ಸಿಸಿಟಿವಿಗೆ 800 ಅಂತ ಬರೆದಿದ್ದೆ. ಕೂಡಿಸಿದರೆ 1400. ಹಾಗೆ ಬರೆದ ದಿನ ಎಲ್‌ವಿಎಂ ಸುಮ್ಮನಿರಲಿಲ್ಲ. ಇವುಗಳ ಮೊತ್ತ ಪೂಲಿಗಿಂತ ಜಾಸ್ತಿ ಆಗುತ್ತದೆ, ಪೂಲ್ ತುಂಬದಂತೆ ಕಾಯುವ ಸೆಟ್ಟಿಂಗ್ ಕೂಡ ನೀನು ಹಾಕಿಲ್ಲ ಅಂತ ಎರಡು ವಾರ್ನಿಂಗ್ ಕೊಟ್ಟಿತ್ತು. ನಾನು ಓದಿದೆ. ಓದಿ ಕ್ಲಿಯರ್ ಅಂತ ಟೈಪ್ ಮಾಡಿದೆ. ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಇದು. ಬೇಡ ಅನ್ನುವವರು ಇದ್ದರು ಕಣಪ್ಪಾ, ನಾನೇ ಕೇಳಲಿಲ್ಲ.

ಆಮೇಲೆ ಅವರು ಇನ್ನೂ ನಾಲ್ಕು ಕ್ಯಾಮೆರಾ ಸೇರಿಸಿದ್ದರು. ಸೀಸನ್ ಅಲ್ವಾ, ತೂಕದ ಜಾಗದಲ್ಲಿ ಕಣ್ಣಿರಲಿ ಅಂತ. ಕ್ಯಾಮೆರಾದ ವಿಡಿಯೋ ಪೂಲನ್ನೆಲ್ಲ ಕುಡಿಯಿತು, ಕೊನೆಭಾಗದ ಬಿಲ್ಲಿಂಗ್ ಒಣಗಿತು.

ಅವತ್ತು ಅಲ್ಲಿ ಹೋಗಿ, ಪೂಲಿನ ಸ್ಥಿತಿ ಹೇಳುವ ಡಿಎಂಸೆಟಪ್ ಸ್ಟೇಟಸ್ ಆಜ್ಞೆ ಕೊಟ್ಟು ನೋಡಿದೆ. 'ಆರ್‌ಡಬ್ಲ್ಯೂ' (ಓದಬಹುದು, ಬರೆಯಬಹುದು) ಇರಬೇಕಾದ ಜಾಗದಲ್ಲಿ 'ಔಟ್ ಆಫ್ ಡೇಟಾ ಸ್ಪೇಸ್' ಅಂತ ಇತ್ತು. ಮಾಲೀಕರನ್ನು ಕೇಳಿ ಇಪ್ಪತ್ತು ದಿನದ ಹಳೇ ವಿಡಿಯೋ ಅಳಿಸಿದೆ. ಮತ್ತೆ ನೋಡಿದೆ, 100 ಪರ್ಸೆಂಟ್. ಕೈಕಾಲು ತಣ್ಣಗಾಯಿತು. ಆಮೇಲೆ ತಲೆಗೆ ಹೊಳೆಯಿತು. ಫೈಲ್ ಅಳಿಸಿದ್ದು ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್‌ಗೆ ಗೊತ್ತು, ಕೆಳಗಿನ ಪೂಲಿಗೆ ಗೊತ್ತಿಲ್ಲ. ಹೊಲ ಮಾರಿದ್ದು ಮನೆಯವರಿಗೆ ಗೊತ್ತು, ಪಹಣಿಗೆ ಏರಿಲ್ಲ. ಖಾಲಿಯಾದ ಜಾಗವನ್ನು ಪೂಲಿಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಕೊಟ್ಟೆ. ಪರ್ಸೆಂಟ್ 63ಕ್ಕೆ ಇಳಿಯಿತು. ಸ್ಥಿತಿ ಮತ್ತೆ 'ಆರ್‌ಡಬ್ಲ್ಯೂ' ಆಯಿತು. ಅಷ್ಟು ಹೊತ್ತಿಗೆ ಬಿಲ್ಲಿಂಗ್ ಫೈಲ್ ಸಿಸ್ಟಮ್ ಬರೀ ಓದಲಿಕ್ಕೆ ಮಾತ್ರ ಅಂತ ಕೂತಿತ್ತು. ಅದನ್ನು ಬಿಚ್ಚಿ, ಎಫ್‌ಎಸ್‌ಸಿಕೆಯಿಂದ ಪರೀಕ್ಷೆ ಮಾಡಿ, ಮತ್ತೆ ಕಟ್ಟಿದೆ. ಏಳು ಬಿಲ್ ಕೈಯಲ್ಲಿ ಬರೆದಿಟ್ಟಿದ್ದರು. ಗುಮಾಸ್ತರು ಒಂದೂ ಮಾತಾಡದೆ ಅವನ್ನು ಎಂಟ್ರಿ ಮಾಡಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಥಿನ್ ಪೂಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದಿನಾ ಗ್ರಾಫ್ ನೋಡುವ ಜನ ಇರುವ ದೊಡ್ಡ ಕಡೆ ಅದಕ್ಕೆ ಅರ್ಥ ಇದೆ. ತಿಂಗಳಿಗೊಮ್ಮೆ ನಾನು ಹೋಗಿ ಧೂಳು ಒರೆಸಿ ಬರುವ ಆಫೀಸಿಗೆ ಅದು ಯಾಕೆ? 70 ಪರ್ಸೆಂಟ್ ಆದ ಕೂಡಲೇ ತಾನೇ ಬೆಳೆಯುವಂತೆ ಸೆಟ್ ಮಾಡಬಹುದು, ಹೌದು. ಮೊದಲಿಗೆ ಅದು 100 ಅಂತ ಇರುತ್ತದೆ, ಅಂದರೆ ಆಫ್. ಆದರೆ ಬೆಳೆಯಲಿಕ್ಕೂ ಪಕ್ಕದಲ್ಲಿ ಖಾಲಿ ಜಾಗ ಬೇಕಲ್ಲ. ಆ ಜಾಗ ಇದ್ದಿದ್ದರೆ ಮೊದಲೇ ಕೊಡುತ್ತಿರಲಿಲ್ಲವಾ?

ಕಳೆದ ತಿಂಗಳು ಅಲ್ಲಿ ಎಲ್ಲ ಬದಲಿಸಿದೆ. ಸಿಸಿಟಿವಿಗೆ ಬೇರೆ ಡಿಸ್ಕ್. ಹಳೇ 900ರಲ್ಲಿ ಬಿಲ್ಲಿಂಗ್‌ಗೆ 200, ಸ್ಕ್ಯಾನ್‌ಗೆ 400, ಎರಡೂ ಲೀನಿಯರ್. ಟೇಬಲ್ ತೆಗೆದು ಹುಡುಗನಿಗೆ ತೋರಿಸಿದೆ. ಎರಡು ಸಾಲು, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು 512ರಿಂದ ಗುಣಿಸಿ ತಾಳೆ ನೋಡಿದ.

ಮಾಲೀಕರು ಚಹಾ ತರಿಸಿ ಕೂತು ಕೇಳಿದರು. "ಹಂಗಾದ್ರೆ ಉಳಿದ 300 ಸುಮ್ನೆ ಬಿದ್ದಿರುತ್ತೇನ್ರಿ?"

"ಹೌದ್ರಿ, ಬಿದ್ದಿರಲಿ" ಅಂದೆ.